ತಲೆ ಕಡೆಯ ಸ್ಟೂಲು

ಎರಡನೆಯ ಸುತ್ತಿನ ಫಲಿತಾಂಶ ಬಂದಾಗ ನಾನು ಬಾಣಂತಿಯೊಬ್ಬಳ ಹೊಟ್ಟೆಯ ಹೊಲಿಗೆ ಬಿಚ್ಚುತ್ತಿದ್ದೆ. ಏಪ್ರನ್ ಜೇಬಿನಲ್ಲಿ ಫೋನು ನಡುಗಿತು, ಇ-ಮೇಲು. ಕೈಗೆ ಗ್ಲೌಸ್ ಇತ್ತು, ಮುಟ್ಟುವಂತಿರಲಿಲ್ಲ. ಉಳಿದ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿ ಎಳೆದು, ಸ್ಪಿರಿಟ್ ಹಚ್ಚಿ, ಪಟ್ಟಿ ಅಂಟಿಸಿ, "ಇನ್ನೂ ಸ್ವಲ್ಪ ದಿನ ತುಂಬಿದ ಕೊಡಾ ಎತ್ತಬ್ಯಾಡ್ರಿ" ಎಂದು ಹೇಳಿ ಅವಳನ್ನು ಕಳಿಸಿದ ಮೇಲೆ ನೋಡಿದೆ. ನನ್ನ ಹೆಸರು, ಅದರ ಕೆಳಗೆ ಕೆಂಪಕ್ಷರದಲ್ಲಿ: ಸೀಟು ಹಂಚಿಕೆಯಾಗಿಲ್ಲ. ಮೊದಲ ಸುತ್ತಿನಲ್ಲೂ ಇದೇ ಕೆಂಪು, ಇದೇ ಮಾತು. ಆಗ ಅತ್ತಿದ್ದೆ. ಈ ಸಲ ಅಳು ಬರಲಿಲ್ಲ, ಸಿಟ್ಟು ಬಂತು. "ಮುಂದಿನವರು ಬರ್ರಿ" ಎಂದು ನಾನು ಕೂಗಿದ ರೀತಿಗೆ ಸಿಸ್ಟರ್ ಬಾಗಿಲಲ್ಲಿ ಇಣುಕಿ ನೋಡಿ ಹೋದರು.

ಎಂಬಿಬಿಎಸ್ ಮುಗಿದ ಮೇಲೆ ಸ್ನಾತಕೋತ್ತರ ಸೀಟಿಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಅದರ ರ‍್ಯಾಂಕ್ ಹಿಡಿದುಕೊಂಡು ರಾಜ್ಯದ ಕೌನ್ಸೆಲಿಂಗಿಗೆ ಹೋಗಬೇಕು. ಯಾವ ಕಾಲೇಜು, ಯಾವ ವಿಷಯ ಬೇಕು ಎಂದು ನಾವು ಒಂದರ ಕೆಳಗೊಂದು ಆಯ್ಕೆ ಬರೆದುಕೊಡುತ್ತೇವೆ. ಕಂಪ್ಯೂಟರು ಮೇಲಿನ ರ‍್ಯಾಂಕಿನಿಂದ ಹಂಚುತ್ತ ಬರುತ್ತದೆ. ನಮ್ಮ ಸರದಿ ಬಂದಾಗ ನಾವು ಬರೆದದ್ದರಲ್ಲಿ ಯಾವುದಾದರೂ ಉಳಿದಿದ್ದರೆ ಸೀಟು, ಇಲ್ಲದಿದ್ದರೆ ಆ ಕೆಂಪಕ್ಷರ. ನನ್ನ ರ‍್ಯಾಂಕು ಒಳಗೂ ಅಲ್ಲ, ಹೊರಗೂ ಅಲ್ಲ, ಹೊಸ್ತಿಲ ಮೇಲಿನದು. ಅಂಥವರು ಆದಷ್ಟು ಉದ್ದದ ಪಟ್ಟಿ ಬರೆಯಬೇಕು ಎಂದು ಸೀನಿಯರುಗಳೆಲ್ಲ ಹೇಳಿದ್ದರು. ನನ್ನ ಜೊತೆಯವರು ಪುಟಗಟ್ಟಲೆ ಬರೆದಿದ್ದರು. ನಾನು ಬರೆದದ್ದು ಅರ್ಧ ಪುಟ.

ಅದಕ್ಕೆ ಕಾರಣ ನರಗುಂದದ ದಲಾಲಿ ಅಂಗಡಿ.

ನಮ್ಮ ಅಪ್ಪಾಜಿ ನರಗುಂದದ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರಸ್ಥರು. ಕಡಲೆ, ಹೆಸರು, ಗೋವಿನಜೋಳದ ರಾಶಿಗಳು ಅಂಗಡಿ ಮುಂದೆ ಬೀಳುತ್ತವೆ. ಖರೀದಿದಾರರು ರಾಶಿಯಿಂದ ರಾಶಿಗೆ ತಿರುಗಿ, ಕೈ ಒಳಗೆ ತೂರಿಸಿ ಹಿಡಿ ಕಾಳು ತೆಗೆದು, ಊದಿ, ಎರಡು ಕಾಳು ಕಚ್ಚಿ ನೋಡಿ, ಆಮೇಲೆ ಟೆಂಡರ್ ಹಾಕುತ್ತಾರೆ. ಹೆಚ್ಚಿನ ದರ ಬರೆದವನಿಗೆ ಮಾಲು, ಅವನು ಅದನ್ನು ಎತ್ತಲೇಬೇಕು. ದರ ಬರೆದು, ಮಾಲು ತನ್ನ ಪಾಲಿಗೆ ಬಂದ ಮೇಲೆ "ಬ್ಯಾಡ" ಎಂದವನಿಗೆ ಆ ಪೇಟೆಯಲ್ಲಿ ಮತ್ತೆ ಯಾರೂ ಕುರ್ಚಿ ಕೊಡುವುದಿಲ್ಲ. ಅಪ್ಪಾಜಿಗೆ ಇದು ವ್ಯಾಪಾರದ ನಿಯಮವಷ್ಟೇ ಅಲ್ಲ, ಬದುಕಿನದು. ಆಯ್ಕೆ ಬರೆಯುವ ದಿನ ನನ್ನ ಪಕ್ಕ ಕೂತು, ಪಟ್ಟಿ ಉದ್ದವಾಗುತ್ತ ಹೋದದ್ದನ್ನು ನೋಡಿ ಅವರ ಮುಖ ಸಪ್ಪಗಾಯಿತು.

"ಇದೇನವಾ, ಕಂಡ ಕಂಡ ರಾಶಿಗೆಲ್ಲಾ ಟೆಂಡರ್ ಹಾಕಾಕತ್ತಿ? ನಾಳೆ ಬಂತಂದ್ರ ಎತ್ತತೀಯೇನ?"

"ಅಪ್ಪಾಜಿ, ಇದು ಬ್ಯಾರೆ ರೀ. ಬಂದದ್ದು ಬ್ಯಾಡಾದ್ರ ಮುಂದಿನ ಸುತ್ತಿಗೆ ಹೋಗಬಹುದು."

"ಹಂಗ ಬರದು ಬ್ಯಾಡ ಅನ್ನೂದಾದ್ರ ಬರಿಯೂದ್ಯಾಕ? ಎತ್ತೂದಷ್ಟ ಬರಿ."

ಅವರೊಬ್ಬರನ್ನೇ ದೂರಿ ನಾನು ಸಾಚಾ ಆಗುವುದಿಲ್ಲ. ನನಗೂ ಬೇಕಾದದ್ದು ಒಂದೇ ಒಂದು, ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ. ಅದೂ ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯ ನಾಲ್ಕಾರು ಕಾಲೇಜುಗಳಲ್ಲಿ. ನಮ್ಮ ಗೋದಾಮಿನ ಶಟರಿನ ಮೇಲೆ ಅಪ್ಪಾಜಿ ಆಗಲೇ ವೆಲ್ಡಿಂಗಿನವನನ್ನು ಕರೆಸಿ ಬೋರ್ಡಿಗೆಂದು ಕಬ್ಬಿಣದ ಚೌಕಟ್ಟು ಕೂಡಿಸಿದ್ದರು. ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಇಲ್ಲಿ ಹೆರಿಗೆ ಡಾಕ್ಟರ್ ಬೋರ್ಡು ಬರುತ್ತದೆ ಅಂತ. ಮಿಕ್ಕವನ್ನೆಲ್ಲ ಅಳಿಸಿ ಹಾಕಿದೆವು. ಅಪ್ಪಾಜಿ ಚಹಾ ತರಿಸಿದರು. ಇಬ್ಬರಿಗೂ ಮರ್ಯಾದೆಯ ಕೆಲಸ ಮಾಡಿದ ಸಮಾಧಾನ.

ಆ ಮರ್ಯಾದೆಯನ್ನು ಕಂಪ್ಯೂಟರು ಎರಡು ಸಲ ಕೆಂಪಕ್ಷರದಲ್ಲಿ ಹಿಂದಿರುಗಿಸಿತು. ಮೂರನೆಯ ಸುತ್ತಿಗೆ ಪಟ್ಟಿಯನ್ನು ಸ್ವಲ್ಪ ಉದ್ದ ಮಾಡಿದೆವು. ಅಂದರೆ ಅದೇ ವಿಷಯ, ಇನ್ನೂ ಮೂರು ಊರು. ಮೂರನೆಯ ಸಲವೂ ಕೆಂಪೇ.

ಆ ತಿಂಗಳುಗಳಲ್ಲಿ ನಾನು ರೋಣದಲ್ಲಿದ್ದೆ. ಮನೆಯಲ್ಲಿ ಕೂತರೆ ಬಂದು ಹೋಗುವವರೆಲ್ಲ "ಸೀಟ್ ಹತ್ತಿತೇನವಾ?" ಎಂದು ಕೇಳುತ್ತಾರೆಂದು ಅಲ್ಲಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಾಗಿ ಸೇರಿಕೊಂಡಿದ್ದೆ. ರೋಣದಲ್ಲೂ ಕೇಳಿದರು, ಕೇಳುವವರು ಬೇರೆ ಅಷ್ಟೇ. ಬಸ್ ಸ್ಟ್ಯಾಂಡಿನ ಹಿಂದೆ ಅಟ್ಟದ ಮೇಲೊಂದು ಖೋಲಿ ಹಿಡಿದಿದ್ದೆ. ಕೆಳಗಿನ ಮನೆಯ ಅಜ್ಜಿ ಬೆಳಿಗ್ಗೆ ಅಂಗಳಕ್ಕೆ ನೀರು ಚೆಲ್ಲುತ್ತ, ನಾನು ಮೆಟ್ಟಿಲಿಳಿಯುವ ಸಪ್ಪಳಕ್ಕೆ ತಲೆಯೆತ್ತಿ, "ಇನ್ನೂ ಇಲ್ಲೇನ ತಾಯಿ?" ಎನ್ನುತ್ತಿದ್ದಳು. ಸೀಟು ಇನ್ನೂ ಇಲ್ಲವೇನು ಎಂದೋ, ನೀನು ಇನ್ನೂ ಇಲ್ಲೇ ಇದ್ದೀಯೇನು ಎಂದೋ ನಾನು ಬಿಡಿಸಿ ಕೇಳಲಿಲ್ಲ. ಎರಡಕ್ಕೂ ಉತ್ತರ ಒಂದೇ ಆಗಿತ್ತು.

ಒಂಟಿತನ ಅಂದರೆ ಸುತ್ತ ಜನ ಇಲ್ಲದ್ದು ಅಂತ ಅಲ್ಲಿಯ ತನಕ ತಿಳಿದಿದ್ದೆ. ಬೆಳಿಗ್ಗೆಯಿಂದ ಸಂಜೆಯ ತನಕ ನನ್ನ ಮುಂದೆ ಜನವೇ ಜನ. ಬಸುರಿಯರು, ಅವರ ಅತ್ತೆಯರು, ಅವರ ತಾಯಂದಿರು, ಬಾಗಿಲ ಹೊರಗೆ ನಿಂತ ಗಂಡಂದಿರು. ಎಲ್ಲರ ಹತ್ತಿರ ಮಾತಾಡಿ, ಖೋಲಿಗೆ ಬಂದು ಕುಕ್ಕರಿಗೆ ಅಕ್ಕಿ ಹಾಕುವಾಗ, ಈ ದಿನ ನನ್ನ ಬಗ್ಗೆ ಒಂದು ಮಾತನ್ನೂ ಯಾರ ಜೊತೆಗೂ ಆಡಲಿಲ್ಲವಲ್ಲ ಎಂದು ನೆನಪಾಗುತ್ತಿತ್ತು. ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ದಿನಾ ಫೋಟೊ. ಹೊಸ ಕಾಲೇಜಿನ ಗೇಟು, ಹೊಸ ಐಡಿ ಕಾರ್ಡು, ಹೊಸ ಬಿಳಿ ಕೋಟು. ಮೊದಮೊದಲು ಹೃದಯದ ಚಿತ್ರ ಒತ್ತುತ್ತಿದ್ದೆ. ಆಮೇಲೆ ಗುಂಪಿನ ಸದ್ದು ಅಡಗಿಸಿದೆ. ಹಾಸ್ಟೆಲಿನಲ್ಲಿ ಐದು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳತಿ ಮಕ್ಕಳ ವಿಭಾಗಕ್ಕೆ ಸೇರಿದ್ದಳು. ಅವಳು ಫೋನು ಮಾಡಿದರೆ ವಾರ್ಡಿನ ಸುದ್ದಿ, ಡ್ಯೂಟಿಯ ಸುದ್ದಿ, ನಿದ್ದೆಯಿಲ್ಲದ ಸುದ್ದಿ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಿಬಿಡುವುದೇ ಒಳ್ಳೆಯದು. ಅವಳ ನಿದ್ದೆಗೆಟ್ಟ ದನಿಯ ಮೇಲೂ ಹೊಟ್ಟೆಕಿಚ್ಚು. ನಾನೇ ಕರೆ ತೆಗೆದುಕೊಳ್ಳುವುದು ಕಡಿಮೆ ಮಾಡಿದೆ. ಅವಳಿಗೂ ಕೆಲಸ ಮೈಮೇಲೆ ಬಿದ್ದಿತ್ತು.

ಆಸ್ಪತ್ರೆಯ ಒಡತಿ ಒಬ್ಬ ಹಿರಿಯ ಹೆರಿಗೆ ತಜ್ಞೆ. ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ಮಾತು ಕಡಿಮೆ, ಕೈ ಚುರುಕು. ಅವರು ಕಾರಿಡಾರಿನಲ್ಲಿ ನಡೆದು ಬಂದರೆ ಅಳುತ್ತಿದ್ದ ಅತ್ತೆಯರು ಸುಮ್ಮನಾಗುತ್ತಿದ್ದರು. ನಾನು ಆಗಬೇಕಾದದ್ದು ಅವರೇ. ಶಟರಿನ ಮೇಲಿನ ಖಾಲಿ ಚೌಕಟ್ಟಿನಲ್ಲಿ ನಾನು ಕಾಣುತ್ತಿದ್ದದ್ದು ಅವರ ಆ ನಡಿಗೆ.

ಮೂರನೆಯ ಸುತ್ತು ಮುಗಿದ ವಾರದಲ್ಲೇ ಆ ಮಧ್ಯಾಹ್ನ ಬಂತು. ಚೊಚ್ಚಲ ಬಸುರಿ, ಗಜೇಂದ್ರಗಡದ ನೇಕಾರರ ಮನೆಯ ಸೊಸೆ. ಹೆರಿಗೆಗೆಂದು ರೋಣದ ಹತ್ತಿರದ ತವರಿಗೆ ಬಂದಿದ್ದಳು. ಬೆಳಗಿನಿಂದ ನೋವು ತಿನ್ನುತ್ತಿದ್ದಳು, ಹೆರಿಗೆ ಮಾತ್ರ ಮುಂದುವರಿಯುತ್ತಿರಲಿಲ್ಲ. ನೀರು ಒಡೆದಾಗ ಬಣ್ಣ ಹಸಿರು. ಮಗು ಒಳಗೇ ಮಲ ಮಾಡಿಕೊಂಡಿದೆ ಎಂದರ್ಥ. ನಾನು ಡಾಪ್ಲರ್ ಇಟ್ಟು ಎದೆ ಬಡಿತ ಕೇಳಿದೆ. ನೋವು ಬಂದಾಗ ಬಡಿತ ಇಳಿದು, ನೋವು ಹೋದ ಮೇಲೂ ಮೇಲೇಳಲು ತಡ ಮಾಡುತ್ತಿತ್ತು. ದೊಡ್ಡ ಮೇಡಂ ಬಂದು ಒಂದು ಸಲ ಕೈಯಿಟ್ಟು ನೋಡಿ, "ಸಿಸೇರಿಯನ್. ಸರ್‌ಗೆ ಫೋನ್ ಹಚ್ರಿ" ಎಂದರು.

ಸರ್ ಎಂದರೆ ಅರಿವಳಿಕೆ ತಜ್ಞರು. ಮನೆ ಗಜೇಂದ್ರಗಡದಲ್ಲಿ. ಅವರಿಗೆ ಸ್ವಂತದ ಆಸ್ಪತ್ರೆಯಿಲ್ಲ. ಹಳೆಯ ಕಾರಿನ ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಗಜೇಂದ್ರಗಡ, ರೋಣ, ನರಗುಂದ ಮೂರೂ ಊರಿನ ಆಸ್ಪತ್ರೆಗಳಿಗೆ ತಿರುಗುತ್ತಿದ್ದರು. ಫೋನು ಎತ್ತಿದಾಗ ಅವರು ನರಗುಂದದಲ್ಲಿದ್ದರು. ಒಂದು ಕೇಸು ಮುಗಿಯುತ್ತ ಬಂದಿತ್ತು, ಆದರೆ ಮುಗಿದಿರಲಿಲ್ಲ. ಗದಗಕ್ಕೆ ಕಳಿಸೋಣವೆಂದರೆ ಆಂಬುಲೆನ್ಸು ಬಂದು ಹೋಗುವುದಕ್ಕೂ ಅಷ್ಟೇ ಹೊತ್ತು. "ಬರತೀನಿ, ಆಕಿನ್ನ ಎಡ ಮಗ್ಗಲಿಗೆ ಮಲಗಸ್ರಿ, ಆಕ್ಸಿಜನ್ ಹಚ್ರಿ, ಸಲಾಯಿನ್ ಬಿಡ್ರಿ" ಎಂದು ಇಟ್ಟರು.

ಎಲ್ಲ ಮಾಡಿದೆವು. ಥಿಯೇಟರಿನಲ್ಲಿ ದೀಪ ಹಚ್ಚಿದ್ದಾಯಿತು, ಟ್ರೇ ಬಿಚ್ಚಿದ್ದಾಯಿತು. ದೊಡ್ಡ ಮೇಡಂ ಕೈ ತೊಳೆದು, ಗೌನು ತೊಟ್ಟು, ಗ್ಲೌಸಿನ ಕೈಗಳನ್ನು ಎದೆಯ ಮುಂದೆ ಹಿಡಿದು ನಿಂತರು. ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ನಾನು ಡಾಪ್ಲರ್ ಹಿಡಿದು ನಿಂತಿದ್ದೆ. ಆ ಬಡಿತ ನಿಧಾನವಾಗುವುದು, ಚೇತರಿಸುವುದು, ಮತ್ತೆ ನಿಧಾನವಾಗುವುದು ಇಡೀ ಕೋಣೆಗೆ ಕೇಳುತ್ತಿತ್ತು. ನಾನು ಮೇಡಂ ಮುಖ ನೋಡಿದೆ. ಊರೆಲ್ಲ ಹೆದರುವ, ನಾನು ಆಗಬೇಕೆಂದು ಕನಸು ಕಂಡ ಆ ಡಾಕ್ಟರು ಮಾಸ್ಕಿನ ಮೇಲೆ ಕಣ್ಣು ಮುಚ್ಚಿ ತೆರೆಯುತ್ತ ಸುಮ್ಮನೆ ನಿಂತಿದ್ದರು. ಕೈಯಿತ್ತು, ಕತ್ತಿಯಿತ್ತು, ವಿದ್ಯೆಯಿತ್ತು. ಒಬ್ಬ ಮನುಷ್ಯ ಬಾಗಿಲು ತೆರೆದು ಬರುವ ತನಕ ಅದೆಲ್ಲ ಟ್ರೇಯೊಳಗಿನ ಸಾಮಾನಿನಂತೆ ಬಿದ್ದಿತ್ತು. ನನಗೆ ಅವರ ಮೇಲೆ ಮರುಕ ಬಂತು, ಮರುಕ ಬಂದದ್ದಕ್ಕೆ ಗಾಬರಿಯೂ ಆಯಿತು.

ಹುಡುಗಿ ನನ್ನ ಏಪ್ರನ್ ತುದಿ ಹಿಡಿದಿದ್ದಳು. ನಮ್ಮ ಕಡೆ ಡಾಕ್ಟರಮ್ಮನನ್ನು 'ಬಾಯಿ' ಎನ್ನುತ್ತಾರೆ. "ಬಾಯಾರ, ನೀವ್ ಇಲ್ಲೇ ಇರ್ರಿ. ಹೋಗಬ್ಯಾಡ್ರಿ."

"ಇಲ್ಲೇ ಅದೀನವಾ" ಎಂದೆ.

ಅಂತೂ ಬಂದರು. ತೆಳ್ಳಗಿನ, ನರೆಗೂದಲಿನ, ಸಿಡುಕು ಮುಖದ ಮನುಷ್ಯ. ಯಾರಿಗೂ ನಮಸ್ಕಾರವಿಲ್ಲ. ನೇರ ಹೋಗಿ ಕೈ ತೊಳೆದು, ಅವಳನ್ನು ಕೂಡಿಸಿ, ನನ್ನನ್ನು ಅವಳ ಮುಂದೆ ನಿಲ್ಲಿಸಿ, "ಬಾಯಿ ಹೆಗಲ ಮ್ಯಾಲ ತಲಿ ಇಡು ತಾಯಿ. ಬೆನ್ನ ಹೊರಗ ದಬ್ಬು. ಚಕ್ಕಡಿ ಎತ್ತು ಬೆನ್ನ ಬಾಗಸ್ತೈತಲ್ಲ, ಹಂಗ" ಎಂದರು. ಅವಳ ಬಿಸಿ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಬೆನ್ನ ಮೂಳೆಗಳ ನಡುವೆ ಬೆರಳಿಟ್ಟು ಅಳೆದು, ಕೂದಲೆಳೆಯಂಥ ಸೂಜಿ ಚುಚ್ಚಿದರು. ಸೂಜಿಯ ತುದಿಯಲ್ಲಿ ನೀರಿನ ಒಂದು ಹನಿ, ಕನ್ನಡಿಯಷ್ಟು ತಿಳಿಯಾದದ್ದು, ಮೂಡಿತು. ಔಷಧ ಒಳಗೆ ಹೋಯಿತು. ಮಲಗಿಸಿ, ಬಲಗಡೆ ಸೊಂಟದ ಕೆಳಗೆ ಮಡಿಚಿದ ಬಟ್ಟೆಯಿಟ್ಟರು. ಸ್ಪಿರಿಟಿನ ಹತ್ತಿಯನ್ನು ಹೊಟ್ಟೆಗೆ ತಾಗಿಸಿ, "ತಣ್ಣಗ ಹತ್ತತೈತೇನ? ಇಲ್ಲೆ? ಇಲ್ಲೆ?" ಎಂದು ಕೇಳುತ್ತ ಎದೆಯ ಕೆಳಗಿನ ತನಕ ಬಂದರು. ಆಮೇಲೆ ಕಾಲಲ್ಲಿ ಸ್ಟೂಲು ಎಳೆದುಕೊಂಡು ಅವಳ ತಲೆಯ ಹತ್ತಿರ ಕೂತರು. "ಮಾಡ್ರಿ" ಎಂದು ಮೇಡಂಗೆ ಹೇಳಿದರು.

ಕೂತವರು ಮಾತು ಶುರು ಮಾಡಿದರು. ಅದೇ ಸಿಡುಕು ಮನುಷ್ಯ!

"ಮನ್ಯಾಗ ಮಗ್ಗ ಐತೇನ?"

"ಐತ್ರಿ."

"ನೀ ನೇಯ್ತಿಯೇನ?"

"ಇಲ್ರಿ, ಅತ್ತಿ ನೇಯ್ತಾರ್ರಿ. ನಾ ಕಂಡಿಕಿಗೆ ನೂಲ ಸುತ್ತತೀನ್ರಿ."

"ಕಂಡಿಕಿ ಸುತ್ತೂವಾಗ ಎಳಿ ಹರಿತಂದ್ರ ಅತ್ತಿ ಬೈತಾಳೋ ಇಲ್ಲೋ?"

ಅವಳು ನಗಲಿಕ್ಕೆ ಹೋದಳು. ನಗು ಅರ್ಧಕ್ಕೆ ನಿಂತು, "ಯಪ್ಪಾ, ಎದಿ ಹ್ಯಾಂಗೋ ಆಗಾಕತ್ತೈತ್ರಿ, ವಾಂತಿ ಬಂದಂಗ" ಎಂದಳು. ಮಾನಿಟರಿನಲ್ಲಿ ಹಳೆಯ ಬಿ.ಪಿ. ಅಂಕಿಯೇ ಇತ್ತು, ಚೆನ್ನಾಗೇ ಇತ್ತು. ಅವರು ಅದರ ಕಡೆ ನೋಡಲೂ ಇಲ್ಲ. ಆಗಲೇ ತುಂಬಿಟ್ಟುಕೊಂಡಿದ್ದ ಸಿರಿಂಜಿನಿಂದ ಸಲಾಯಿನ್ ನಳಿಕೆಗೆ ಒಂದಿಷ್ಟು ಕೊಟ್ಟು, ಕಾಲು ಎತ್ತಿಸಿ, ತೋಳಿನ ಬಿ.ಪಿ. ಪಟ್ಟಿ ಮತ್ತೆ ಬಿಗಿಯಲಿಕ್ಕೆ ಗುಂಡಿ ಒತ್ತಿದರು. ಹೊಸ ಅಂಕಿ ಬಂದಾಗ ಅದು ಬಿದ್ದಿತ್ತು, ಏಳುವುದಕ್ಕೂ ಶುರುವಾಗಿತ್ತು. ಆಗ ನನಗೆ ತಿಳಿಯಿತು, ಮಗ್ಗದ ಮಾತು ಬರೀ ಮಾತಲ್ಲ ಎಂದು. ಅವಳು ಉತ್ತರ ಕೊಡುವ ತನಕ ತಲೆಗೆ ರಕ್ತ ಹೋಗುತ್ತಿದೆ, ಉಸಿರು ಬರುತ್ತಿದೆ. ಅವರು ಕಿವಿಯಿಂದ ಅವಳನ್ನು ಕಾಯುತ್ತಿದ್ದರು.

ಮಗು ಹೊರಬಂತು. ಮೈಯೆಲ್ಲ ಹಸಿರು, ಮೊದಲು ಸುಮ್ಮನಿತ್ತು, ಮೂಗು ಬಾಯಿ ಒರೆಸಿ ಬೆನ್ನುಜ್ಜಿದ ಮೇಲೆ ಕಿರುಚಿತು. ಅಷ್ಟರಲ್ಲಿ ಹೊರಗಿನಿಂದ ನನಗೆ ಕರೆ ಬಂತು, ವಾರ್ಡಿನಲ್ಲಿ ಇನ್ನೊಬ್ಬಳಿಗೆ ರಕ್ತಸ್ರಾವ. ನಾನು ಹೋಗಲೇಬೇಕಿತ್ತು. ಏಪ್ರನ್ನಿನ ತುದಿ ಬಿಡಿಸಿಕೊಳ್ಳುವಾಗ ಅವಳು ನನ್ನನ್ನು ನೋಡಿದಳು. ನಾನು ಬಾಗಿಲು ದಾಟುವಾಗಲೂ ಸರ್ ಅದೇ ಸ್ಟೂಲಿನ ಮೇಲಿದ್ದರು. "ಬಾಯಿ ಬರತಾರ. ನಾ ಇಲ್ಲೇ ಅದೀನಲ್ಲ" ಎನ್ನುವುದು ಹಿಂದಿನಿಂದ ಕೇಳಿತು.

ಕೇಸು ಮುಗಿಸಿ ಅವರು ಹೊರಡುವಾಗ ಕಾರಿನ ಹತ್ತಿರ ಹೋಗಿ ನಿಂತೆ. ಕೌನ್ಸೆಲಿಂಗಿನಲ್ಲಿ ಸೀಟು ಸಿಕ್ಕಿಲ್ಲ, ಕೊನೆಯ ಸುತ್ತೊಂದು ಉಳಿದಿದೆ, ನಿಮ್ಮ ವಿಷಯ ಬರೆದರೆ ಹೇಗೆ ಎಂದು ಕೇಳಿದೆ. ಹುರಿದುಂಬಿಸುತ್ತಾರೆ ಎಂದುಕೊಂಡಿದ್ದೆ. ಅವರು ಡಿಕ್ಕಿಯಲ್ಲಿ ಪೆಟ್ಟಿಗೆ ಇಡುತ್ತ, "ಬ್ಯಾಡ್ರಿ" ಎಂದರು.

"ಯಾಕ್ರಿ ಸರ್?"

"ಬೋರ್ಡ್ ಇರಂಗಿಲ್ಲ. ಹೆಸರ ಇರಂಗಿಲ್ಲ. ಚಲೋ ಆತಂದ್ರ ಸರ್ಜನ್ ಚಲೋ, ಕೆಟ್ಟಾತಂದ್ರ ಎಚ್ಚರ ತಪ್ಪಿಸಿದಾಂವ ಕೆಡಿಸಿದ. ಈ ಮೂರೂರಾಗ ಎಷ್ಟ ಮಂದಿ ತಲಿ ಕಡೆ ಕುಂತೀನೋ. ರಸ್ತೇದಾಗ ಎದುರ ಬಂದ್ರ ಒಬ್ಬರೂ ಗುರುತ ಹಿಡ್ಯಂಗಿಲ್ಲ." ಡಿಕ್ಕಿ ಮುಚ್ಚಿ, ಕೈ ಒರೆಸಿಕೊಂಡು, ನನ್ನನ್ನು ಒಂದು ಗಳಿಗೆ ನೋಡಿದರು. "ಒಬ್ಬರೇ ಇರಾಕ ಆಗ್ತೈತೇನ ನಿಮಗ? ಆಗ್ತೈತಂದ್ರ ವಿಚಾರ ಮಾಡ್ರಿ."

ನನಗೆ ನಗು ಬಂತು. ಬೇರೇನು ಮಾಡಿಕೊಂಡಿದ್ದೆ ನಾನು ಅಷ್ಟು ತಿಂಗಳು?

ಮರುದಿನ ರೌಂಡ್ಸಿಗೆ ಹೋದಾಗ ಆ ಹುಡುಗಿ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ಅವಳ ತಾಯಿ ದೊಡ್ಡ ಮೇಡಂಗೆಂದು ಪೇಢೆಯ ಪೆಟ್ಟಿಗೆ ಹಿಡಿದು ನಿಂತಿದ್ದಳು. ಹುಡುಗಿ ಮೆಲ್ಲಗೆ ಕೇಳಿದಳು. "ಬಾಯಾರ, ತಲಿ ಕಡೆ ಕುಂತಿದ್ರಲ್ರಿ, ಆ ಯಪ್ಪಾರು ಯಾರ್ರಿ? ನನಗ ಅವರ ಮಾರಿ ಉಲ್ಟಾ ಕಂಡಿತ್ರಿ. ಎದ್ದ ನೋಡೂದ್ರಾಗ ಹೋಗಿಬಿಟ್ಟಿದ್ರು."

ಯಾರಿಗೂ ತಮ್ಮ ನೆನಪಿರುವುದಿಲ್ಲ ಎಂಬರ್ಥದಲ್ಲಿ ಸರ್ ಹೇಳಿದ್ದು ಪೂರ್ತಿ ನಿಜವಾಗಿರಲಿಲ್ಲ. ನಾನು ಅವಳಿಗೆ ಅವರ ಹೆಸರು ಹೇಳಿದೆ. ಅವಳು ಎರಡು ಸಲ ಬಾಯಲ್ಲಿ ಅಂದುಕೊಂಡಳು.

ಕೊನೆಯ ಸುತ್ತಿನಲ್ಲಿ ಉಳಿದ ಸೀಟುಗಳನ್ನು ಪ್ರಕಟಿಸಿದರು. ಹೆರಿಗೆ ವಿಭಾಗ ನನ್ನ ರ‍್ಯಾಂಕಿಗೆ ಎಟುಕುವಂಥದ್ದು ಒಂದೂ ಇರಲಿಲ್ಲ. ಅಂಗರಚನೆ, ಸೂಕ್ಷ್ಮಜೀವಿ ಶಾಸ್ತ್ರ, ನ್ಯಾಯವೈದ್ಯ, ಅಲ್ಲಲ್ಲಿ ಒಂದೊಂದು ಅರಿವಳಿಕೆ. ನಿಯಮವೂ ಬೇರೆಯಾಗಿತ್ತು. ಈ ಸುತ್ತಿನಲ್ಲಿ ಹಂಚಿಕೆಯಾದ ಸೀಟಿಗೆ ಸೇರಲೇಬೇಕು. ಬಿಟ್ಟರೆ ಕಟ್ಟಿದ ಠೇವಣಿಯೂ ಹೋಗುತ್ತದೆ, ಮುಂದಿನ ಪರೀಕ್ಷೆಗೆ ಕೂರುವ ಅವಕಾಶವೂ ಹೋಗುತ್ತದೆ. ಓದುತ್ತಿದ್ದ ಹಾಗೆ ನರಗುಂದದ ಮಾರುಕಟ್ಟೆ ನೆನಪಾಯಿತು. ಮೊದಲ ಸುತ್ತುಗಳಲ್ಲಿ ತಪ್ಪಾಗಿದ್ದ ಅಪ್ಪಾಜಿಯ ನಿಯಮ ಈ ಸುತ್ತಿನಲ್ಲಿ ಸರ್ಕಾರದ ನಿಯಮವಾಗಿತ್ತು. ಏನೂ ಬರೆಯದೆ ಬಿಟ್ಟರೆ ಇನ್ನೊಂದು ವರ್ಷ ಓದಿ ಹೆರಿಗೆ ವಿಭಾಗಕ್ಕೆ ಪ್ರಯತ್ನಿಸಬಹುದು. ಅಪ್ಪಾಜಿಯ ಮನಸ್ಸಿನಲ್ಲಿದ್ದದ್ದೂ ಅದೇ. ಅರಿವಳಿಕೆ ಬರೆದರೆ ಶಟರಿನ ಮೇಲಿನ ಆ ಚೌಕಟ್ಟು ಖಾಲಿಯೇ ಉಳಿಯುತ್ತದೆ.

ಹಲವು ಸಂಜೆ ಖೋಲಿಯ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಕೇಳುವುದಕ್ಕೆ ಯಾರೂ ಇರಲಿಲ್ಲ, ಅಥವಾ ಯಾರನ್ನು ಕೇಳಿದರೂ ಅವರು ಏನು ಹೇಳುತ್ತಾರೆಂದು ಮೊದಲೇ ಗೊತ್ತಿತ್ತು. ಹೆರಿಗೆ ಡಾಕ್ಟರಾಗಬೇಕೆಂದು ನಾನು ಯಾವತ್ತು ನಿರ್ಧಾರ ಮಾಡಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಅಂಥ ಒಂದು ದಿನ ಸಿಗಲಿಲ್ಲ. ಆ ಸ್ಟೂಲು ಮಾತ್ರ ಸಿಕ್ಕಿತು, ಕಣ್ಣು ಮುಚ್ಚಿದಾಗೆಲ್ಲ. ಒಬ್ಬರ ತಲೆಯ ಹತ್ತಿರ ಕೂತು, ಅವರು ಏಳುವ ತನಕ ಏಳದಿರುವ ಕೆಲಸ. ನನಗೆ ಅದು ಬೇಕಾಗಿತ್ತು. ಅಷ್ಟು ತಿಂಗಳಲ್ಲಿ ಒಂದು ಸಲವಾದರೂ ಯಾರಾದರೂ ನನ್ನ ಹತ್ತಿರ ಹಾಗೆ ಕೂತಿದ್ದರೆ ಎಂದು ಅನ್ನಿಸಿದ್ದಕ್ಕೇ ಇರಬೇಕು.

ಕೊನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಡ್ಯೂಟಿ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದೆ. ಈ ಸಲ ಊರು ಆರಿಸಲಿಲ್ಲ. ಬೀದರಿನಿಂದ ಚಾಮರಾಜನಗರದ ತನಕ ಎಲ್ಲೆಲ್ಲಿ ಅರಿವಳಿಕೆಯ ಸೀಟು ಉಳಿದಿತ್ತೋ ಅಷ್ಟನ್ನೂ ಬರೆದೆ. ಬೇರೆ ಒಂದನ್ನೂ ಬರೆಯಲಿಲ್ಲ. 'ಲಾಕ್' ಒತ್ತಿದೆ. ನೋಂದಾಯಿತ ಮೊಬೈಲಿಗೆ ಒಟಿಪಿ ಕಳಿಸಲಾಗಿದೆ ಎಂದು ಬಂತು. ನನ್ನ ಫೋನು ಸುಮ್ಮನಿತ್ತು.

ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಹಣೆ ಚಚ್ಚಿಕೊಂಡೆ. ನಮ್ಮ ಮನೆಯಲ್ಲಿ ಗ್ಯಾಸಿನಿಂದ ಹಿಡಿದು ನನ್ನ ಸಾಲೆಯ ದಾಖಲಾತಿಯವರೆಗೆ ಯಾವ ಫಾರ್ಮಿಗೂ ಒಂದೇ ನಂಬರು, ಅಪ್ಪಾಜಿಯದು. ಮನೆಯ ಹಿರಿಯರ ನಂಬರು ಬಿಟ್ಟು ಬೇರೆ ಕೊಡುವುದು ನಮಗೆ ತೋಚುವುದೇ ಇಲ್ಲ. ಹಿಂದಿನ ಸುತ್ತುಗಳಲ್ಲಿ ಇಬ್ಬರೂ ನರಗುಂದದ ಮನೆಯಲ್ಲಿ ಪಕ್ಕಪಕ್ಕ ಕೂತಿದ್ದೆವು. ನಂಬರು ಯಾರದೆಂಬುದು ಅರಿವಿಗೇ ಬಂದಿರಲಿಲ್ಲ. ಯಾರಿಗೂ ಹೇಳದೆ ಮಾಡಿದ ನನ್ನ ನಿರ್ಧಾರದ ಬೀಗದ ಕೈ ಈಗ ಅವರ ಅಂಗಿಯ ಜೇಬಿನಲ್ಲಿತ್ತು.

ಎರಡು ಸಲ ಕರೆದೆ, ಎತ್ತಲಿಲ್ಲ. ಟೆಂಡರ್ ತೆರೆಯುವ ಹೊತ್ತು. ಮೂರನೆಯ ಸಲಕ್ಕೆ ಎತ್ತಿದರು. ಹಿಂದೆ ತೂಕದವರ ಕೂಗು, ಚೀಲ ಎತ್ತುವವರ ಗದ್ದಲ.

"ಅಪ್ಪಾಜಿ, ನಿಮ್ಮ ಫೋನಿಗೆ ಒಂದು ನಂಬರ್ ಬಂದಿರ್ತೈತ್ರಿ. ಲಗೂ ಹೇಳ್ರಿ."

"ತಡಿ, ಚಾಳೀಸ ಹಾಕ್ಕೋತೀನಿ. ಬ್ಯಾಂಕಿಂದೇನ? ಯಾರಿಗೂ ಹೇಳಬ್ಯಾಡ್ರಿ ಅಂತ ಬರದೈತಲ್ಲ ಇದರಾಗ."

"ನನಗ ಹೇಳ್ರಿ! ಸೀಟಿಂದದು. ಕಡೀ ಸುತ್ತು."

ಅವರು ಗದ್ದಲದಿಂದ ಬದಿಗೆ ಸರಿದದ್ದು ಗೊತ್ತಾಯಿತು. "ಏನ ಬರದಿ?"

"ಅರಿವಳಿಕೆ ರೀ. ಆಪರೇಶನ್ನಿಗೆ ಎಚ್ಚರ ತಪ್ಪಸ್ತಾರಲ್ಲ, ಅದು."

ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಿದ್ದವು. ನಾನು ಮತ್ತೆ ಮತ್ತೆ ಹೇಳಿ ಅವಸರ ಮಾಡಬಹುದಿತ್ತು, ಮಾಡಲಿಲ್ಲ.

"ಹೆರಿಗಿ ಬರದಿಲ್ಲ?"

"ಇಲ್ರಿ. ನನಗ ಸಿಗೂವಂಥಾ ಸೀಟ ಉಳದಿಲ್ಲ. ಉಳದಿದ್ರೂ ಅದನ್ನ ಮ್ಯಾಲ ಬರೀತಿದ್ನೋ ಇಲ್ಲೋ, ಖರೇ ಹೇಳ್ತೀನ್ರಿ, ಗೊತ್ತಿಲ್ಲ."

"ಬ್ಯಾಸತ್ತು ಬರದಿಯೇನ? ಸಿಟ್ಟಿಗೆ ಬರದಿಯೇನ?"

"ಅಲ್ರಿ. ಮಾಲ ನೋಡಿ ಬರದೀನ್ರಿ. ಕೈ ಹಾಕಿ ನೋಡೀನಿ."

ಪರದೆಯ ಮೇಲೆ ಸಮಯ ಮುಗಿದುಹೋಯಿತು. 'ಮತ್ತೆ ಕಳಿಸು' ಎಂಬಲ್ಲಿ ಒತ್ತಿದೆ. ಅವರ ಕಡೆ ಫೋನು ಕಿಣ್ ಎಂದದ್ದು ನನಗೂ ಕೇಳಿತು.

"ಇನ್ನೊಂದು ಬಂತು" ಎಂದರು. ಆಮೇಲೆ, ತೂಕ ಬರೆಸುವಾಗ ಗುಮಾಸ್ತನನ್ನು ಕೇಳುವ ದನಿಯಲ್ಲಿ, "ಎತ್ತತೀಯೇನ?"

"ಎತ್ತತೀನ್ರಿ."

"ಬರ್ಕೋ." ಒಂದೊಂದೇ ಅಂಕಿ ಹೇಳಿದರು, ಪ್ರತಿ ಅಂಕಿಗೂ ನಾನು ಹ್ಞೂಂ ಎನ್ನುವ ತನಕ ಕಾದು. ಹೇಳಿ ಮುಗಿಸಿ ಫೋನು ಇಟ್ಟರು. ನಾನು ಡ್ಯೂಟಿ ಕೋಣೆಯ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಬಹಳ ದಿನಗಳ ಮೇಲೆ ಬಂದ ಅಳು, ಸಾಕಷ್ಟು ಹೊತ್ತು ಇತ್ತು.

ಸೀಟು ಬಂತು. ಊರು ದೂರ, ರಾತ್ರಿಯಿಡೀ ಬಸ್ಸು. ನೆಂಟರು ಒಬ್ಬೊಬ್ಬರಾಗಿ ಫೋನು ಮಾಡಿ, ಹೆಣ್ಣುಮಗಳಿಗೆ ಹೆರಿಗೆ ವಿಭಾಗವೇ ಚಂದವಿತ್ತು, ಒಂದು ವರ್ಷ ತಡೆಯಬಹುದಿತ್ತು ಎಂದರು. ಅಪ್ಪಾಜಿ ಅವರಿಗೆ ಏನು ಹೇಳಿದರೋ ನನಗೆ ತಿಳಿಯದು. ಸೇರುವ ದಿನ ಜೊತೆಗೆ ಬಂದರು. ಬೆಳಿಗ್ಗೆ ಕಾಲೇಜಿನ ಕೌಂಟರಿನಲ್ಲಿ ಗುಮಾಸ್ತರು ಮೂಲ ಪ್ರಮಾಣಪತ್ರಗಳ ಕವರಿನ ಮೇಲೆ 'ಅರಿವಳಿಕೆ ಶಾಸ್ತ್ರ' ಎಂದು ಸೀಸದಕಡ್ಡಿಯಲ್ಲಿ ಬರೆದು ಒಳಗಿಟ್ಟುಕೊಂಡರು. ಅಪ್ಪಾಜಿ ನನ್ನ ಹೆಗಲ ಮೇಲಿನಿಂದ ಬಾಗಿ ಕೇಳಿದರು.

"ಸಾಹೇಬ್ರ, ಎಚ್ಚರ ತಪ್ಪಿಸಿದ ಮ್ಯಾಲ ಮತ್ತ ಎಚ್ಚರ ಮಾಡೋರೂ ಇವರೇ ಏನ್ರಿ?"

ಗುಮಾಸ್ತರು ನಕ್ಕರು. "ಮತ್ಯಾರ್ರಿ? ಇವರೇ."

"ಹಂಗಾರ ಚಲೋ ಆತು" ಎಂದರು ಅಪ್ಪಾಜಿ. ಅವರ ಮನಸ್ಸಿನಲ್ಲಿ ಅಷ್ಟು ದಿನದಿಂದ ಇದ್ದ ಪ್ರಶ್ನೆ ಅದೊಂದೇ ಇತ್ತೇನೋ. ಮಧ್ಯಾಹ್ನದ ಬಸ್ಸಿಗೆ ಹೊರಟರು. ಶಟರಿನ ಮೇಲಿನ ಚೌಕಟ್ಟು ಈಗಲೂ ಹಾಗೇ ಇದೆ. ಮಳೆ ಬಂದು ಹೋದ ಮೇಲೆ ಅದರ ಮೇಲೆ ರಾಶಿಗೆ ಹೊದಿಸಿದ ತಾಡಪತ್ರಿ ಒಣಹಾಕುತ್ತಾರೆ.

ಹೊಸ ಊರಿನಲ್ಲೂ ಖೋಲಿ ಒಬ್ಬಳದೇ. ಕುಕ್ಕರೂ ಅದೇ. ಕೆಲವು ವಾರ ಸೀನಿಯರುಗಳ ಹಿಂದೆ ನಿಂತು, ಪೆಟ್ಟಿಗೆ ಹೊತ್ತು, ಔಷಧ ತುಂಬಿ, ಬೈಸಿಕೊಂಡು ಕಳೆದೆ. ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಒಬ್ಬ ಮುದುಕಿಯ ಕೇಸಿನಲ್ಲಿ, ಸೀನಿಯರು ಬೆನ್ನಿಗೆ ಔಷಧ ಕೊಟ್ಟು, ಎಲ್ಲ ಸರಿಯಿದೆಯೆಂದು ನೋಡಿ, ಪಕ್ಕದ ಟೇಬಲ್ಲಿಗೆ ಸರಿದರು. "ಕೂತ್ಕೊ. ಏನಾದ್ರೂ ಇದ್ರೆ ಕರೀ" ಎಂದರು. ಮೊದಲ ಸಲ ಆ ಸ್ಟೂಲಿನ ಮೇಲೆ ನಾನೊಬ್ಬಳೇ. ಮುದುಕಿಯ ಕಣ್ಣ ಮುಂದೆ ಹಸಿರು ಬಟ್ಟೆಯ ಗೋಡೆ. ಆಚೆ ಸುತ್ತಿಗೆಯ ಸದ್ದು ಶುರುವಾಯಿತು. ಅವಳ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು.

"ಯಾರದೀರಿ ಇಲ್ಲೆ?"

"ನಾನದೀನಬೇ."

"ಯಾರ ಪೈಕಿ?" ಎಂದಳು ಮುದುಕಿ. ಊರು ದೂರವಾದರೂ ನಮ್ಮ ಕಡೆಯದೇ ಮಾತು, ನಮ್ಮ ಕಡೆಯದೇ ಪ್ರಶ್ನೆ.

"ನರಗುಂದದ ಕಾಳಿನ ವ್ಯಾಪಾರಸ್ಥರ ಮಗಳು."

"ಬಿಟ್ಟು ಹೋಕ್ಕೀಯೇನ?"

ಅವಳ ಕೈಯನ್ನು ಹಿಡಿದುಕೊಂಡೆ. ನಾಡಿ ಬೆರಳಿಗೆ ಸಿಕ್ಕಿತು, ನಿಧಾನ, ಸಮವಾಗಿ. "ಇಲ್ಲ. ನಿನ್ನ ವಾರ್ಡಿಗೆ ಕಳಸೂತನಕ ಇಲ್ಲೇ ಇರ್ತೀನಿ" ಎಂದೆ. "ಮನ್ಯಾಗ ಯಾರ್ಯಾರದಾರ, ಹೇಳು."

ಅವಳು ಹೇಳತೊಡಗಿದಳು. ನಾನು ಸ್ಟೂಲನ್ನು ಇನ್ನೂ ಸ್ವಲ್ಪ ಮುಂದಕ್ಕೆ ಎಳೆದುಕೊಂಡೆ.